ಜಗಲಿಯಲ್ಲಿ ಒಂಬತ್ತನೆಯವನಾಗಿ ಕುಳಿತಿದ್ದೆ

ಗೆಳೆಯರೆಲ್ಲ ಕೂಡಿ ಹೊನ್ನಾವರದ ಹತ್ತಿರ ಸಾಲ ಮಾಡಿ ಹೋಂಸ್ಟೇ ಕಟ್ಟಲು ಹೊರಟಿದ್ದಾರೆ, ನನಗೊಬ್ಬನಿಗೇ ಅನುಮಾನ, ಗುಂಪಿನ ಒತ್ತಡಕ್ಕೆ ಮಣಿಯದಂತೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ‘ನನಗೊಬ್ಬನಿಗೇ’ ಎಂಬ ಮಾತನ್ನು ಓದಿದ್ದೇ ತಡ, 2003ರ ಮಳೆಗಾಲ ಕಣ್ಣೆದುರು ಬಂತು.

ಆ ವರ್ಷ ಶಿರಸಿ, ಸಿದ್ದಾಪುರ ಕಡೆಯ ತೋಟಿಗರ ಬಾಯಲ್ಲಿ ವೆನಿಲ್ಲಾ ಬಿಟ್ಟು ಬೇರೆ ಮಾತಿರಲಿಲ್ಲ. ಅಡಿಕೆ ದರ ನೆಲಕಚ್ಚಿತ್ತು. ಕಾಳುಮೆಣಸಿಗೆ ಕೆಜಿಗೆ 100 ರೂಪಾಯಿಯೂ ಇರಲಿಲ್ಲ. ವೆನಿಲ್ಲಾದ ಹಸಿ ಕೋಡಿಗೆ ಮಾತ್ರ 3,000 ದಾಟಿತ್ತು. ಮೊದಲೇ ಬಳ್ಳಿ ಹಾಕಿದ್ದವರು ಕಳ್ಳರ ಭಯಕ್ಕೆ ತೋಟದಲ್ಲೇ ನಾಯಿ ಕಟ್ಟಿಕೊಂಡು ಮಲಗುತ್ತಿದ್ದರು. ನಮ್ಮ ಕೇರಿಯ ಒಂಬತ್ತು ಮನೆಯವರು ಒಬ್ಬರಿಗೊಬ್ಬರು ಜಾಮೀನು ನಿಂತು ಸಾಲ ತೆಗೆಯುವುದು, ಒಟ್ಟಿಗೇ ಬಳ್ಳಿ ತರಿಸುವುದು ಎಂದು ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಸೇರಿದೆವು.

ಹಿಂದಿನ ದಿನ ಕೊಚ್ಚಿಯಿಂದ ಭಾವ ಫೋನ್ ಮಾಡಿದ್ದ. ಸಾಂಬಾರ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುವ ಕೆಲಸ ಅವನದು. ‘2000ದ ಏಪ್ರಿಲ್‌ನಲ್ಲಿ ಹುದಾ ಚಂಡಮಾರುತ ಮಡಗಾಸ್ಕರದ ವೆನಿಲ್ಲಾ ಸೀಮೆಯನ್ನು ಹಾಳುಗೆಡವಿತು, ಅದಕ್ಕೇ ಈ ದರ. ಅಲ್ಲಿಯವರು ಸುಮ್ಮನೆ ಕುಳಿತಿಲ್ಲ, ಮತ್ತೆ ನೆಟ್ಟಿದ್ದಾರೆ. ಬಳ್ಳಿ ಹೂ ಬಿಡಲು ಮೂರು ವರ್ಷ ಸಾಕು. ನಿನ್ನ ಬಳ್ಳಿ ಹೂ ಬಿಡುವ ಹೊತ್ತಿಗೆ ಅವರ ಕೋಡು ಪೇಟೆಗೆ ಬಂದಿರುತ್ತದೆ. ಐಸ್‌ಕ್ರೀಂ ಮಾಡುವವರೂ ಕೃತಕ ಪರಿಮಳವಾದ ವೆನಿಲಿನ್ ಕಡೆಗೆ ಹೊರಳುತ್ತಿದ್ದಾರೆ’ ಎಂದ. ಅಷ್ಟನ್ನೂ ಅಡಿಕೆಯ ಕೊಳೆ ರೋಗದ ಔಷಧಕ್ಕೆ ತಂದ ಮೈಲುತುತ್ತದ ರಸೀದಿಯ ಹಿಂಬದಿಯಲ್ಲಿ ಬರೆದುಕೊಂಡೆ. ಸಭೆಯಲ್ಲಿ ಓದಿ ಹೇಳಬೇಕೆಂದೇ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೋದೆ.

ಓದಲಿಲ್ಲ. ನನ್ನ ತಪ್ಪು ಅದೊಂದೇ. ವೆನಿಲ್ಲಾ ಹಾಕಿದ್ದು ತಪ್ಪಲ್ಲ. ಕೃಷಿಯೆಂದ ಮೇಲೆ ಯಾವ ಬೆಳೆಯೂ ಕೈಕೊಡಬಹುದು. ಚೀಟಿ ಕಿಸೆಯಲ್ಲಿದ್ದೂ ತೆಗೆಯಲಿಲ್ಲವಲ್ಲ, ಅದು ತಪ್ಪು. ಯಾಕೆ ತೆಗೆಯಲಿಲ್ಲ ಎಂದು ವರ್ಷಗಟ್ಟಲೆ ಯೋಚಿಸಿದ್ದೇನೆ. ಯಾರಿಗೂ ಹೆದರಿರಲಿಲ್ಲ. ಯಾರೂ ಒತ್ತಾಯ ಮಾಡಿರಲಿಲ್ಲ. ದೊಡ್ಡಪ್ಪ ಮೊದಲು, ‘ಎಲ್ಲರೂ ಸೇರಿ ಮಾಡುವುದಾದರೆ ನನ್ನದೇನೂ ಅಡ್ಡಿಯಿಲ್ಲ’ ಎಂದರು. ಎಲೆಯಡಿಕೆಯ ಕವಳದ ತಟ್ಟೆ ಒಬ್ಬರಿಂದ ಒಬ್ಬರಿಗೆ ಸರಿಯುತ್ತಾ ಬಂತು. ಜೊತೆಗೇ ‘ಆಗಲಿ’ ಎಂಬ ಮಾತೂ ಬಂತು. ನಾನು ಬಾಗಿಲ ಬದಿಯಲ್ಲಿ ಕೊನೆಯವನು. ಒಬ್ಬೊಬ್ಬರು ‘ಆಗಲಿ’ ಎಂದಾಗಲೂ, ಇವರಿಗೆ ನನಗೆ ಗೊತ್ತಿಲ್ಲದ್ದೇನೋ ಗೊತ್ತಿರಬೇಕು ಅನ್ನಿಸುತ್ತಾ ಹೋಯಿತು. ತಟ್ಟೆ ನನ್ನ ಮುಂದೆ ಬರುವಷ್ಟರಲ್ಲಿ ಭಾವನ ಮಾತಿನ ಮೇಲೆ ನನಗೇ ನಂಬಿಕೆ ಉಳಿದಿರಲಿಲ್ಲ. ಎಂಟು ಜನರ ‘ಆಗಲಿ’ಯನ್ನು ನಾನು ಎಂಟು ಜನರ ತಿಳಿವಳಿಕೆ ಎಂದು ಎಣಿಸಿದೆ. ಅಲ್ಲಿದ್ದದ್ದು ದೊಡ್ಡಪ್ಪನ ಒಂದು ಮಾತು ಮತ್ತು ಅದರ ಏಳು ಪ್ರತಿಧ್ವನಿ. ಎಲೆಗೆ ಸುಣ್ಣ ಹಚ್ಚುತ್ತಾ ತಲೆಯಾಡಿಸಿದೆ.

1,80,000 ರೂಪಾಯಿ ಸಾಲ. ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಯನ್ನು ಕಿತ್ತು ಜಾಗ ಮಾಡಿದೆ. 2006ರಲ್ಲಿ ಹೂ ಬಂತು. ವೆನಿಲ್ಲಾ ಹೂ ಅರಳುವುದು ಒಂದೇ ದಿನ. ಅದನ್ನು ಬೆಳಗಿನ ಹೊತ್ತಿನಲ್ಲೇ ಕೈಯಿಂದ ಪರಾಗಸ್ಪರ್ಶ ಮಾಡಬೇಕು, ಇಲ್ಲವಾದರೆ ಸಂಜೆಯೊಳಗೆ ಬಾಡಿ ಹೋಗುತ್ತದೆ. ನನ್ನ ಹೆಂಡತಿ ಬೆಳಗಾಗುತ್ತಲೇ ತೆಂಗಿನ ಗರಿಯ ಕಡ್ಡಿ ಹಿಡಿದು ತೋಟಕ್ಕಿಳಿಯುತ್ತಿದ್ದಳು. ಹೂವಿನ ದಳವನ್ನು ಸೀಳಿ, ಒಳಗಿನ ತೆಳ್ಳನೆಯ ಪೊರೆಯನ್ನು ಕಡ್ಡಿಯ ತುದಿಯಿಂದ ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಮೆಲ್ಲಗೆ ಒತ್ತಬೇಕು. ಹೀಗೆ ಒಂದೊಂದೇ ಹೂವು. ಕೋಡು ಬಲಿಯಲು ಮತ್ತೆ ಒಂಬತ್ತು ತಿಂಗಳು. ಕೊಯ್ದಾಗ ಹಸಿ ಕೋಡಿಗೆ 100 ರೂಪಾಯಿ ಕೊಡುವವರೂ ನಮ್ಮೂರಿನ ಕಡೆ ಬರಲಿಲ್ಲ. ಹೆಂಡತಿಯ ಎರಡು ಬಳೆ ಸಾಲಕ್ಕೆ ಹೋದವು. 2014ರ ಹೊತ್ತಿಗೆ ಕಾಳುಮೆಣಸಿನ ದರ 600 ದಾಟಿದಾಗ ನಾನು ಮೆಣಸಿನ ಬಳ್ಳಿಯನ್ನು ಹೊಸದಾಗಿ ನೆಡುತ್ತಿದ್ದೆ.

ಆದರೆ ನನ್ನನ್ನು ಹೆಚ್ಚು ನೋಯಿಸಿದ್ದು ಹಣವಲ್ಲ. ದೊಡ್ಡಪ್ಪನ ವೈಕುಂಠ ಸಮಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ಪಕ್ಕದ ಮನೆಯ ಚಿಕ್ಕಯ್ಯ, ‘ಅವತ್ತು ನನಗೂ ಮನಸ್ಸಿರಲಿಲ್ಲ. ನೀನು ಓದಿದವನು, ನೀನೇ ಸುಮ್ಮನಿದ್ದೆಯಲ್ಲ, ಸರಿಯೇ ಇರಬೇಕು ಅಂದುಕೊಂಡೆ’ ಎಂದರು. ಎದುರಿಗೆ ಕುಳಿತಿದ್ದ ಇನ್ನೊಬ್ಬರು, ‘ನನಗೂ’ ಎಂದರು. ಒಂಬತ್ತರಲ್ಲಿ ಮೂವರು! ನಾನು ಅವರ ಮೌನ ನೋಡಿ ಸುಮ್ಮನಿದ್ದೆ, ಅವರು ನನ್ನ ಮೌನ ನೋಡಿ ಸುಮ್ಮನಿದ್ದರು. ಆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಧಾರವಾಡದಲ್ಲಿ ಮನಃಶಾಸ್ತ್ರ ಓದಿದ ಮಗಳು ಇದನ್ನು ಕೇಳಿ ಸಾಲೊಮನ್ ಆಶ್ ಎಂಬ ಮನಃಶಾಸ್ತ್ರಜ್ಞರ ಪ್ರಯೋಗದ ಕಥೆ ಹೇಳಿದಳು. 1950ರ ದಶಕದ ಅಮೆರಿಕ. ಗೆರೆಗಳ ಉದ್ದ ಹೋಲಿಸಿ ಹೇಳುವುದಷ್ಟೇ ಕೆಲಸ. ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುವವರು. ಆ ಒಬ್ಬನ ಸರದಿ ಬರುವುದು ಕೊನೆಗೆ. ಒಬ್ಬನೇ ಕುಳಿತರೆ ನೂರಕ್ಕೊಂದೂ ತಪ್ಪದ ಲೆಕ್ಕದಲ್ಲಿ, ಗುಂಪಿನ ನಡುವೆ ಮೂರರಲ್ಲೊಂದು ಉತ್ತರ ತಪ್ಪಿನ ಕಡೆಗೆ ವಾಲಿತು. ಆದರೆ ಮುಂಚೆ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿಬಿಟ್ಟರೆ ಆ ವಾಲುವಿಕೆ ಮೊದಲಿದ್ದುದರ ಕಾಲು ಭಾಗಕ್ಕೆ ಇಳಿಯಿತು. ಒಬ್ಬನೇ ಒಬ್ಬ ಸಾಕಿತ್ತು. ನಮ್ಮ ಜಗಲಿಯಲ್ಲಿ ಮೂವರಿದ್ದೆವು.

ಆದ್ದರಿಂದ ಮನಸ್ಸು ಗಟ್ಟಿ ಮಾಡಿಕೊಳ್ಳುವ ನಿಮ್ಮ ವಿಚಾರವನ್ನು ನಾನು ಒಪ್ಪುವುದಿಲ್ಲ. ಕೊನೆಯವನಾಗಿ ಕುಳಿತರೆ ಎಂಥ ಗಟ್ಟಿ ಮನಸ್ಸೂ ಕರಗುತ್ತದೆ. ಹೋಂಸ್ಟೇ ಲಾಭವೋ ನಷ್ಟವೋ ಎಂದು ನಾನು ಹೇಳಲಾರೆ, ಕರಾವಳಿಯ ಲೆಕ್ಕ ನನ್ನದಲ್ಲ. ಅನುಮಾನ ನಿಮಗೊಬ್ಬರಿಗೇ ಎಂಬುದನ್ನು ಮಾತ್ರ ನಾನು ನಂಬುವುದಿಲ್ಲ. ನಿಮ್ಮ ಸಭೆ ಭಾನುವಾರ ಎಂದಿದ್ದೀರಿ. ಶನಿವಾರ ಸಂಜೆಯೇ ಆ ಗೆಳೆಯರಲ್ಲಿ ಕಡಿಮೆ ಮಾತಿನವರು ಯಾರೋ ಅವರ ಮನೆಗೆ ಹೋಗಿ. ಫೋನ್ ಮಾಡಬೇಡಿ, ಎದುರು ಕುಳಿತು ಕೇಳಿ. ಮಳೆಗಾಲದ ನಾಲ್ಕು ತಿಂಗಳು ಕೋಣೆ ಖಾಲಿ ಬಿದ್ದರೆ ಕಂತು ಯಾರು ಕಟ್ಟುವುದು ಎಂಬ ನಿಮ್ಮ ಪ್ರಶ್ನೆಯನ್ನು ಅವರ ಮುಂದಿಡಿ. ಭಾನುವಾರ ಯಾರೂ ಬಾಯಿ ತೆರೆಯುವ ಮೊದಲು ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ನಡುವೆ ಇಡಲಿ ಎಂದು ನೀವೇ ಸೂಚಿಸಿ. ಹಿರಿಯರು ಬೇಸರಿಸಿದರೆ ಬೇಸರಿಸಲಿ. ನಿಮ್ಮ ಚೀಟಿಯನ್ನು ಮೊದಲು ಓದಿಸಿ.