ಏಡನ್ನಿನ ಮರಳಿನಿಂದ ಶುರು ಮಾಡಿ

ನಮಸ್ಕಾರ.

ಹತ್ತನೇ ಶತಮಾನದ ಅರಬ್ ಭೂಗೋಳಜ್ಞ ಅಲ್-ಮುಕದ್ದಸಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ. ಈತ ನಮ್ಮ ಓದುಗರಿಗೆ ಪರಿಚಯವಾಗಲೇಬೇಕು.

ಮೊದಲ ಎರಡು ಪುಟದ ತುಂಬ ‘ಮಹಾನ್’, ‘ಅಪ್ರತಿಮ’, ‘ಜ್ಞಾನನಿಧಿ’. ಅಷ್ಟನ್ನೂ ಹೊಡೆದುಹಾಕಿ. ಐದನೇ ಪುಟದಲ್ಲಿ ‘ಏಡನ್ನಿನಲ್ಲಿ ವರ್ತಕನೊಬ್ಬನಿಂದ ಸಮುದ್ರದ ಮಾಹಿತಿ ಪಡೆದನು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಲೇಖನದ ಜೀವ ಇರುವುದೇ ಅಲ್ಲಿ! ಹಿಂದಿನವರ ನಕ್ಷೆಗಳಲ್ಲಿ, ಯೆಮನ್ನಿನ ಬಂದರು ಏಡನ್ನಿನ ಎದುರಿನ ಆ ಸಮುದ್ರ ಒಂದು ಕಡೆ ಹೊದೆಯುವ ಶಾಲಿನಂತೆ, ಇನ್ನೊಂದು ಕಡೆ ಹಕ್ಕಿಯಂತೆ. ಯಾರನ್ನು ನಂಬುವುದು? ದಂಡೆಯಲ್ಲಿ ಜೊತೆಗೆ ಕೂತಿದ್ದ ಅಬೂ ಅಲಿ ಇಬ್ನ್ ಹಾಜಿಮನನ್ನು ಅಲ್-ಮುಕದ್ದಸಿ ಕೇಳಿದ. ದೂರದೂರಕ್ಕೆ ಹಡಗು ಕಳಿಸುತ್ತಿದ್ದ ವರ್ತಕ ಆತ. ಅಂಗೈಯಿಂದ ಮರಳು ಸವರಿ ಸಮಮಾಡಿ, ಅದರ ಮೇಲೆ ಸಮುದ್ರವನ್ನು ಬರೆದು ತೋರಿಸಿದ: ಶಾಲೂ ಅಲ್ಲ, ಹಕ್ಕಿಯೂ ಅಲ್ಲ, ಅಂಕುಡೊಂಕು ದಡ, ಒಳನುಗ್ಗಿದ ಹಲವು ಕೊಲ್ಲಿಗಳು. ಇಲ್ಲಿಂದ ಶುರು ಮಾಡಿ. ಅಲ್-ಮುಕದ್ದಸಿ ಎಂಥವನೆಂದು ಓದುಗರಿಗೆ ತಾನಾಗಿಯೇ ತಿಳಿಯುತ್ತದೆ.

‘ಜಗತ್ತನ್ನೆಲ್ಲ ಸುತ್ತಿದ’ ಎಂಬುದು ತಪ್ಪು. ಆತ ವರ್ಣಿಸಲು ಹೊರಟದ್ದು ಮುಸ್ಲಿಂ ಆಳ್ವಿಕೆಯ ನಾಡುಗಳನ್ನು ಮಾತ್ರ. ಅದರಲ್ಲೂ ಸ್ಪೇನಿಗೆ ಹೋಗಲೇ ಇಲ್ಲ. ಸಿಸಿಲಿಯ ರೋಜರ್ ದೊರೆಗೆ 1154ರಲ್ಲಿ ಭೂಪಟ ಮಾಡಿಕೊಟ್ಟವನು ಅಲ್-ಇದ್ರೀಸಿ ಎಂಬ ಬೇರೆ ಭೂಗೋಳಜ್ಞ, ನೀವು ಬರೆದಂತೆ ಈತನಲ್ಲ. ಆ ಪ್ಯಾರಾ ಪೂರ್ತಿ ತೆಗೆಯಿರಿ.

ಹುಟ್ಟೂರು ಜೆರುಸಲೇಮನ್ನು ಆತ ಹೊಗಳಿದ್ದನ್ನಷ್ಟೇ ಬರೆದಿದ್ದೀರಿ. ಸುಮಾರು 985ರಲ್ಲಿ ಬರೆದ ಅದೇ ಪುಸ್ತಕದಲ್ಲಿ, ಅದೇ ಊರನ್ನು ಚೇಳು ತುಂಬಿದ ಚಿನ್ನದ ಬಟ್ಟಲು ಎನ್ನುವ ಮಾತನ್ನೂ ಆತ ಎತ್ತಿ ಹೇಳುತ್ತಾನೆ. ಅಲ್ಲಿನ ಸ್ನಾನಗೃಹಗಳಷ್ಟು ಕೊಳಕು ಇನ್ನೆಲ್ಲೂ ಇಲ್ಲ ಎಂದು ದೂರುತ್ತಾನೆ. ನನಗೆ ಆತ ಇಷ್ಟವಾಗುವುದೇ ಈ ಕಾರಣಕ್ಕೆ. ತವರಿನ ಮೋಹಕ್ಕೆ ಸಿಕ್ಕಿ ಕಣ್ಣು ಮುಚ್ಚಿಕೊಂಡವನಲ್ಲ. ನೀವು ಅವನ ಪರವಾಗಿ ಮುಚ್ಚಬೇಡಿ.

ಈಜಿಪ್ಟಿನ ದೊರೆ ಇಬ್ನ್ ತುಲೂನನಿಗಾಗಿ ಪ್ಯಾಲೆಸ್ತೀನ್ ಕರಾವಳಿಯ ಅಕ್ಕಾ ಬಂದರು ಕಟ್ಟಿದ ಅವನ ಅಜ್ಜನ ಭಾಗ ಸೊಗಸಾಗಿದೆ. ದಿಮ್ಮಿಗಳನ್ನು ನೀರಿನ ಮೇಲೆ ತೇಲಿಸಿ, ಮೇಲೆ ಕಲ್ಲು ಕಟ್ಟುತ್ತ ಹೋಗಿ, ಭಾರಕ್ಕೆ ತಳ ಸೇರಿ ಗಟ್ಟಿಯಾಗಿ ಕೂರಲೆಂದು ಒಂದು ವರ್ಷ ಬಿಟ್ಟದ್ದನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದೀರಿ. ಅದರ ಒಂದಕ್ಷರವನ್ನೂ ಮುಟ್ಟಬೇಡಿ. ಉಳಿದದ್ದೂ ಆ ಮಟ್ಟಕ್ಕೆ ಬರಲಿ.

ಎಂಟು ಪುಟವನ್ನು ನಾಲ್ಕಕ್ಕೆ ಇಳಿಸಿ ಮತ್ತೆ ಕಳಿಸಿ. ಯಾವ ಅನುವಾದ ಓದಿದಿರಿ ಎಂಬುದನ್ನೂ ತಿಳಿಸಿ, ಪುಟ ನೋಡಿ ನಾನೂ ತಾಳೆ ಹಾಕುತ್ತೇನೆ.

ಇಂತಿ,
ಸಂಪಾದಕ