ಕ್ಯಾಮೆಲಾಟ್ ನಿಂತದ್ದು ವಿಮರ್ಶೆಯಿಂದಲೇ?

ಆರ್ಥರ್ ರಾಜನ ಕಥೆಯ 2011ರ ಟಿವಿ ಧಾರಾವಾಹಿ ‘ಕ್ಯಾಮೆಲಾಟ್’ ಹತ್ತೇ ಕಂತುಗಳಿಗೆ ನಿಲ್ಲಲು ವಿಮರ್ಶಕರ ಟೀಕೆಯೇ ಕಾರಣವೇ ಎಂದು ತಾವು ಕೇಳಿದ್ದೀರಿ. ಅದನ್ನು ಪ್ರಸಾರ ಮಾಡಿದ ಅಮೆರಿಕದ ಸ್ಟಾರ್ಜ್ ವಾಹಿನಿ ಅಧಿಕೃತವಾಗಿ ನೀಡಿದ ಕಾರಣ, ಕಲಾವಿದರ ದಿನಾಂಕಗಳು ಹೊಂದಾಣಿಕೆಯಾಗಲಿಲ್ಲ ಎಂಬುದು.

ಆದರೆ ವಿಮರ್ಶೆಗಳೂ ಏಕಮುಖವಾಗಿರಲಿಲ್ಲ. ಸಿಂಹಾಸನಕ್ಕಾಗಿ ಆರ್ಥರನ ಎದುರಾಳಿಯಾದ ಮಾರ್ಗನ್ ಪಾತ್ರದ ಇವಾ ಗ್ರೀನ್ ಅವರ ಅಭಿನಯವನ್ನು ಅನೇಕರು ಮೆಚ್ಚಿದರು. ಆರ್ಥರನಾಗಿದ್ದ ಜೇಮಿ ಕ್ಯಾಂಬೆಲ್ ಬೋವರ್ ಅವರಲ್ಲಿ ರಾಜನಿಗಿರಬೇಕಾದ ಗಾಂಭೀರ್ಯ ಕಾಣುವುದಿಲ್ಲ ಎಂಬ ಆಕ್ಷೇಪ ಮಾತ್ರ ಮತ್ತೆ ಮತ್ತೆ ಕೇಳಿಬಂತು. ಎದುರಾಳಿಯೇ ನಾಯಕನಿಗಿಂತ ತೂಕದವಳಾಗಿ ಕಂಡಾಗ, ಸಿಂಹಾಸನಕ್ಕಾಗಿ ನಡೆಯುವ ಕಥೆಯ ಸಮತೋಲನವೇ ತಪ್ಪುತ್ತದೆಯೆಂಬುದು ನನ್ನ ಅನಿಸಿಕೆ. ಇದರ ಜೊತೆಗೆ, ಅದೇ ವರ್ಷದ ಏಪ್ರಿಲ್‌ನಲ್ಲಿ ಎಚ್‌ಬಿಒ ವಾಹಿನಿಯಲ್ಲಿ ಸಿಂಹಾಸನದ ಕಥೆಯೇ ಆದ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿ ಆರಂಭವಾದ ಕಾರಣ, ಬೇಡವೆಂದರೂ ಹೋಲಿಕೆ ತಪ್ಪಲಿಲ್ಲ.