ಕಪ್ಪು-ಬಿಳುಪು ಪ್ರೇಮಚಿತ್ರಗಳ ಬೆಳಕನ್ನು ಐನ್‌ಮನೆಯಲ್ಲಿ ತರುವುದು ಹೇಗೆ?

ಕೊಡಗಿನ ವಿರಾಜಪೇಟೆ ಕಡೆಯ ಐನ್‌ಮನೆಯಲ್ಲೂ (ಕೊಡವ ಕುಟುಂಬದ ಹಿರಿಯರ ಮನೆ) ಕಾಫಿ ತೋಟದಲ್ಲೂ ಕಪ್ಪು-ಬಿಳುಪಿನ ಪ್ರೇಮ ಕಿರುಚಿತ್ರ ತೆಗೆಯುತ್ತಿದ್ದೇವೆ, ಎರಡು ಎಲ್‌ಇಡಿ ಪ್ಯಾನೆಲ್ ಇವೆ, ನಟನೆ ಚೆನ್ನಾಗಿದ್ದರೂ ದೃಶ್ಯ ಸಪ್ಪೆ ಅನ್ನಿಸುತ್ತಿದೆ ಎಂದು ಬರೆದಿದ್ದೀರಿ. ಎರಡು ಲೈಟು ಧಾರಾಳ ಸಾಕು.

ಪ್ರೇಮದೃಶ್ಯದಲ್ಲಿ ಮೊದಲು ತೀರ್ಮಾನಿಸಬೇಕಾದ್ದು ಇಬ್ಬರ ನಡುವಿನ ದೂರ. ಈ ಶಾಟಿನಲ್ಲಿ ಅವರು ಹತ್ತಿರವಾಗುತ್ತಿದ್ದಾರೋ, ದೂರ ಸರಿಯುತ್ತಿದ್ದಾರೋ? ಅದು ಗೊತ್ತಾದ ಮೇಲೆಯೇ ಲೈಟಿನ ಸ್ಟ್ಯಾಂಡ್ ಎತ್ತಿ.

ಹತ್ತಿರವಾಗುವಾಗ ಎರಡು ಪ್ಯಾನೆಲ್‌ಗಳನ್ನೂ ಅಡ್ಡಡ್ಡ ಇಡಿ. ಅವನ ಬೆನ್ನ ಹಿಂದೆ ಒಂದು ಬದಿಗೆ ನಿಂತ ಲೈಟು ಅವಳ ಮುಖಕ್ಕೆ ಮುಖ್ಯ ಬೆಳಕು, ಅವನ ಕೂದಲಿಗೂ ಭುಜಕ್ಕೂ ಹಿಂಬೆಳಕು. ಅವಳ ಹಿಂದಿನದು ಅವನಿಗೆ ಹಾಗೆಯೇ. ಒಬ್ಬರ ಬೆಳಕು ಇನ್ನೊಬ್ಬರನ್ನು ಮುಟ್ಟಿಕೊಂಡು ಬರುವುದರಿಂದ ಫ್ರೇಮಿನಲ್ಲಿ ಇಬ್ಬರೂ ಬೆಸೆದಂತೆ ಕಾಣುತ್ತಾರೆ. ಹಳೆಯ ಸ್ಟುಡಿಯೋಗಳು ಈ ವಿಧಾನವನ್ನು ಧಾರಾಳವಾಗಿ ಬಳಸಿವೆ. ದೂರವಾಗುವ ದೃಶ್ಯದಲ್ಲಿ ಹಿಂಬೆಳಕು ತೆಗೆದು, ಒಬ್ಬೊಬ್ಬರಿಗೂ ಬೇರೆ ಬೇರೆ ಬೆಳಕು ಕೊಡಿ.

ಲೈಟಿನ ಎತ್ತರದಲ್ಲೇ ಹೆಚ್ಚಿನವರು ತಪ್ಪುವುದು. ಕಣ್ಣಿನ ಮಟ್ಟಕ್ಕಿಂತ ಒಂದೂವರೆ-ಎರಡು ಅಡಿ ಮೇಲಿದ್ದರೆ ಸಾಕು. ಇನ್ನೂ ಏರಿಸಿದರೆ ಹುಬ್ಬಿನ ನೆರಳು ಕಣ್ಣುಗುಳಿಗೆ ಬೀಳುತ್ತದೆ, ಕಣ್ಣು ಸತ್ತರೆ ಪ್ರೇಮವೂ ಸತ್ತಂತೆ. 1942ರ ‘ಕಾಸಾಬ್ಲಾಂಕಾ’ದಲ್ಲಿ ಇಂಗ್ರಿಡ್ ಬರ್ಗ್‌ಮನ್ ಕ್ಲೋಸಪ್‌ಗಳನ್ನು ನೋಡಿ: ಕಣ್ಣಿಗೆಂದೇ ಹೊಳಪಿನ ಬೆಳಕು ಬಿಟ್ಟಿದ್ದಾರೆ, ಲೆನ್ಸಿಗೆ ತೆಳು ಜಾಲರಿಯಿಂದ ಮೃದುತನ ತಂದಿದ್ದಾರೆ. ನೀವು ಲೆನ್ಸಿನ ಮುಂದೆ ಕಪ್ಪು ನೈಲಾನ್ ಸ್ಟಾಕಿಂಗ್ ಬಿಗಿದು ರಬ್ಬರ್‌ಬ್ಯಾಂಡ್ ಹಾಕಿ. ಬಿಳಿ ಬಟ್ಟೆ ಬೇಡ, ಅದು ಕಪ್ಪನ್ನೆಲ್ಲ ಬೂದಿ ಬಣ್ಣಕ್ಕೆ ತಿರುಗಿಸುತ್ತದೆ. ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 4 ಅಥವಾ ಅದಕ್ಕಿಂತ ಅಗಲವಾಗಿ ತೆರೆದಿರಲಿ. ಎಫ್ 8ಕ್ಕೆ ಕಿರಿದಾದರೆ ಜಾಲರಿಯ ಎಳೆಗಳೇ ಚಿತ್ರದಲ್ಲಿ ಮೂಡಬಹುದು.

ನೆರಳಿನ ಬದಿಗೆ ಬಿಳಿ ಥರ್ಮಾಕೋಲ್ ಹಾಳೆ ಹಿಡಿದು ಬೆಳಕನ್ನು ತಿರುಗಿಸಿ ತುಂಬಿ. ಮುಖದ ಎರಡು ಬದಿಗಳ ನಡುವೆ ಒಂದು ಸ್ಟಾಪ್ (ಅಂದರೆ ಬೆಳಕು ಎರಡು ಪಟ್ಟು) ವ್ಯತ್ಯಾಸ ಸಲಿಗೆಯ ದೃಶ್ಯಕ್ಕೆ, ಎರಡು ಸ್ಟಾಪ್ ಅನುಮಾನಕ್ಕೆ, ಮೂರು ಸ್ಟಾಪ್ ಅಗಲಿಕೆಗೆ. ಇದು ನಿಯಮವಲ್ಲ, ಶುರುಮಾಡಲು ಒಂದು ಅಳತೆ. ಲೈಟನ್ನು 3 ಅಡಿಯಿಂದ 6 ಅಡಿಗೆ ಸರಿಸಿದರೆ ಬೆಳಕು ಅರ್ಧಕ್ಕಲ್ಲ, ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ ಎಂಬುದು ನೆನಪಿರಲಿ.

ಕ್ಯಾಮೆರಾಕ್ಕೂ ಹತ್ತಿರ-ದೂರದ ಇದೇ ಲೆಕ್ಕ. ಅವಳ ಕ್ಲೋಸಪ್‌ನ ಅಂಚಿನಲ್ಲಿ ಅವನ ಭುಜ ಕಂಡರೆ ಅವರು ಜೊತೆಗಿದ್ದಾರೆ. ಭುಜ ತೆಗೆದು ಅವಳೊಬ್ಬಳನ್ನೇ ಫ್ರೇಮಿಗೆ ಹಾಕಿದರೆ ನೋಡುವವರಿಗೆ ಒಂಟಿತನ ತಟ್ಟುತ್ತದೆ, ಮಾತು ಒಂದೇ ಆದರೂ. ಮುಖಕ್ಕೆ 75–85 ಎಂಎಂ ಲೆನ್ಸ್ ಹಾಕಿ. ಫೋನಿನ ವೈಡ್ ಲೆನ್ಸಿನಿಂದ 2 ಅಡಿ ದೂರದಲ್ಲಿ ತೆಗೆದರೆ ಮೂಗು ದೊಡ್ಡದಾಗಿ ಕೆನ್ನೆ ಹಿಂದೆ ಸರಿಯುತ್ತದೆ. ಕ್ಯಾಮೆರಾ ಇಟ್ಟ ಟ್ರಾಲಿಯನ್ನು ಮಾತಿನ ಮಧ್ಯೆ ತಳ್ಳಬೇಡಿ. ಮಾತು ಮುಗಿದು, ಕೇಳಿದವರ ಮುಖ ಬದಲಾಗುವ ಗಳಿಗೆಯಲ್ಲಿ ಶುರುಮಾಡಿ. 8 ಸೆಕೆಂಡಿನಲ್ಲಿ 4 ಅಡಿ ಸಾಕು.

ಇನ್ನು ಐನ್‌ಮನೆಯ ಕತ್ತಲು. ಅದು ನಿಮ್ಮ ಆಸ್ತಿ, ದಯವಿಟ್ಟು ಎಲ್ಲ ಮೂಲೆಗೂ ಲೈಟು ಹಾಕಿ ಹಾಳುಮಾಡಬೇಡಿ. ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ನಲ್ಲಿ ಎರಡು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಸ್ಟುಡಿಯೋದೊಳಕ್ಕೆ ತಿರುಗಿಸಿ ಆ ಪ್ರಸಿದ್ಧ ಬೆಳಕಿನ ಕಂಬವನ್ನು ಸೃಷ್ಟಿಸಿದರು. ನಿಮಗೂ ಅದು ಸಾಧ್ಯ. ಅಂಗಳದಲ್ಲಿ ಬೀರುವಿನ ಕನ್ನಡಿಯೊಂದನ್ನು ನಿಲ್ಲಿಸಿ, ಕಿಟಕಿಯ ಮೂಲಕ ಬಿಸಿಲನ್ನು ನಡುಮನೆಗೆ ಹಾಯಿಸಿ. ಒಳಗೆ ಸಾಂಬ್ರಾಣಿ ಹೊಗೆ ಹಾಕಿ ಬಾಗಿಲು ಮುಚ್ಚಿ, ಹೊಗೆ ಸಮನಾಗಿ ಹರಡುವವರೆಗೆ ಕಾಯಿರಿ. ಅವಸರ ಮಾಡಿದರೆ ಹೊಗೆ ಸುರುಳಿಸುರುಳಿಯಾಗಿ ಕಾಣುತ್ತದೆ. ಕ್ಯಾಮೆರಾ ಬೆಳಕು ಬರುವ ದಿಕ್ಕಿಗೆ ಓರೆಯಾಗಿ ನೋಡುತ್ತಿರಲಿ, ಹಿನ್ನೆಲೆ ಕಪ್ಪಾಗಿರಲಿ. ಸೂರ್ಯ ಸರಿಯುವುದರಿಂದ 20 ಅಡಿ ದೂರದಲ್ಲಿ 4 ನಿಮಿಷಕ್ಕೆ ಸುಮಾರು 4 ಅಂಗುಲ ಬೆಳಕು ಜರುಗುತ್ತದೆ; ಕನ್ನಡಿಯ ಬಳಿ ಒಬ್ಬರನ್ನು ನಿಲ್ಲಿಸಿ. ಮಳೆಗಾಲದಲ್ಲಿ ಈ ಆಸೆ ಬಿಡಿ, ಡಿಸೆಂಬರ್-ಜನವರಿಯಲ್ಲಿ ಮಂಜು ಕರಗಿದ ಮೇಲಿನ ಬೆಳಗು ಒಳ್ಳೆಯದು.

ಮಂಜಿನಲ್ಲಿ ತೆಗೆಯುವಾಗ ಆಟೋ ಎಕ್ಸ್‌ಪೋಷರ್ ಆರಿಸಿಬಿಡಿ. ಬಿಳಿ ಹಿನ್ನೆಲೆಯನ್ನು ನಂಬಿ ಕ್ಯಾಮೆರಾ ಮುಖವನ್ನು ಕಪ್ಪು ಮಾಡುತ್ತದೆ. ಮುಂದೆ ಸಿಲ್ವರ್ ಓಕ್ ಕಾಂಡವೊಂದು ಫ್ರೇಮಿನಲ್ಲಿದ್ದರೆ ಆಳ ಸಿಗುತ್ತದೆ. ಹೊರಗೆ ತಣ್ಣಗಾದ ಲೆನ್ಸನ್ನು ಒಲೆ ಉರಿಯುವ ಅಡುಗೆಮನೆಗೆ ಒಯ್ದರೆ ಆವಿ ಕಟ್ಟುತ್ತದೆ, ಬ್ಯಾಗಿನಲ್ಲಿ ಮುಚ್ಚಿಟ್ಟೇ ನಿಧಾನ ಬೆಚ್ಚಗಾಗಲು ಬಿಡಿ.

ತೋಟದ ಶಾಟುಗಳು ಸಪ್ಪೆಯಾಗಲು ಬೇರೆ ಕಾರಣವಿದೆ. ಬಣ್ಣ ಹೋದ ಮೇಲೆ ಮುಖ, ಕಾಫಿ ಎಲೆ ಎರಡೂ ಒಂದೇ ಬೂದಿಗೆ ಬಂದು ಕೂರುತ್ತವೆ. ಶೂಟಿಂಗಿನಲ್ಲಿ ಹಿಂಬೆಳಕು ಕೊಡಿ, ಎಡಿಟಿಂಗ್‌ನಲ್ಲಿ ಬಣ್ಣವನ್ನು ಕಪ್ಪು-ಬಿಳುಪಿಗೆ ತಿರುಗಿಸುವಾಗ ಹಸಿರಿನ ಹೊಳಪನ್ನು ಇಳಿಸಿ ಕೆಂಪಿನದನ್ನು ಸ್ವಲ್ಪವೇ ಏರಿಸಿ. ಕೆಂಪು ಜಾಸ್ತಿಯಾದರೆ ಮುಖದೊಡನೆ ತುಟಿಯೂ ಬೆಳ್ಳಗಾಗಿ ಮಾಯವಾಗುತ್ತದೆ, ಆದ್ದರಿಂದ ತುಟಿಯನ್ನೇ ನೋಡುತ್ತಾ ಸ್ಲೈಡರ್ ನಿಲ್ಲಿಸಿ.